ಕಾಲುಚೀಲ ಕದ್ದು ಮಂಚದ ಕೆಳಗೆ ಸೇರುತ್ತಾನೆ, ಕೈ ಹಾಕಿದರೆ ಗುರುಗುಟ್ಟುತ್ತಾನೆ

ಗುಂಡನ ಮನೆಯವಳು:

ನಮ್ಮ ನಾಯಿ ಗುಂಡನಿಗೆ ಈಗ ಒಂದೂವರೆ ವರ್ಷ. ಬಾಕಿ ಎಲ್ಲದರಲ್ಲೂ ಬಂಗಾರದಂಥವನು. ಕಾಲುಚೀಲ ಕಂಡರೆ ಮಾತ್ರ ಮುಗೀತು. ಒಗೆಯೋ ಬಟ್ಟೆ ರಾಶಿಯಿಂದ ಎಳೆದುಕೊಂಡು ನೇರ ಮಂಚದ ಕೆಳಗೆ, ಗೋಡೆ ಮೂಲೆಗೆ. ತಿನ್ನುವುದಿಲ್ಲ. ಮುಂಗಾಲುಗಳ ನಡುವೆ ಇಟ್ಟುಕೊಂಡು ಕಾಯುತ್ತಾನೆ. ಬಗ್ಗಿ ಕೈ ಚಾಚಿದರೆ ಗುರ್ರ್ ಅನ್ನುತ್ತಾನೆ. ಮೊನ್ನೆ ನಮ್ಮ ಮಾವನವರ ಕೈ ಹತ್ತಿರ ಬಾಯಿ ಹಾಕಿಯೇಬಿಟ್ಟ. ತಾಗಲಿಲ್ಲ, ಪುಣ್ಯ.

ಮಾವ ಹೇಳುವುದು, "ಮನೆಗೆ ತಾನೇ ಯಜಮಾನ ಅಂದುಕೊಂಡಿದ್ದಾನೆ. ಒಂದು ಸಲ ಬೆನ್ನ ಮೇಲೆ ಉರುಳಿಸಿ ಒತ್ತಿ ಹಿಡಿ, ಸರಿಹೋಗುತ್ತಾನೆ." ನಮ್ಮವರ ವಾದವೇ ಬೇರೆ. ಟ್ರೀಟ್ ಕೊಟ್ಟು ಬಿಡಿಸಿಕೊಂಡರೆ ಕಳ್ಳತನಕ್ಕೆ ಸಂಬಳ ಕೊಟ್ಟ ಹಾಗೆ ಅಂತಾರೆ. ತಪ್ಪು ಮಾಡಿದ್ದು ಗುಂಡನಿಗೂ ಗೊತ್ತು ಅನ್ನಿಸುತ್ತದೆ. ಬೈದರೆ ಕಿವಿ ಹಿಂದಕ್ಕೆ ಮಾಡಿ ಮುಖ ಆಚೆ ತಿರುಗಿಸುತ್ತಾನೆ. ಏನು ಮಾಡಲಿ? ಮನೆಯಲ್ಲಿ ಆರು ವರ್ಷದ ಮಗಳೂ ಇದ್ದಾಳೆ.

ನೇರಮಾತು:

ನಿಮ್ಮ ಮಾವ ಹೇಳಿದ್ದೇ ಸರಿ. ನಾಯಿಗೆ ಸದರ ಕೊಟ್ಟರೆ ತಲೆ ಮೇಲೆ ಕೂರುತ್ತದೆ. ಟ್ರೀಟ್ ಗೀಟ್ ಎಲ್ಲಾ ಲಂಚ. ಜೇಬಲ್ಲಿ ತಿಂಡಿ ಇಲ್ಲದ ದಿನ ಮಾತು ಕೇಳುತ್ತಾ?

ಹಳೇ ಟ್ರೈನರ್:

ಮೇಡಂ, ದಯವಿಟ್ಟು ಉರುಳಿಸಬೇಡಿ. ಮಂಚದ ಕೆಳಗೆ ಮೂಲೆ ಸೇರಿದ ನಾಯಿಯನ್ನು ಎಳೆಯಲು ಹೋದವರ ಕೈಗೆ ಹೊಲಿಗೆ ಬಿದ್ದಿದ್ದನ್ನು ನೋಡಿದ್ದೇನೆ.

ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೂ ಮುಂಚೆ ಸಣ್ಣ ಸಣ್ಣದಾಗಿ ಹೇಳಿರುತ್ತದೆ, ನಮಗೆ ಕಂಡಿರುವುದಿಲ್ಲ. ಸಲ್ಪ ದೂರ ನಿಂತು ಗಮನಿಸಿ. ತಲೆ ಕಾಲುಚೀಲದ ಮೇಲೆ ತಗ್ಗುತ್ತದೆ. ಮೈ ಬಿಗಿಯಾಗುತ್ತದೆ, ಒಂದು ಕ್ಷಣ ಕಲ್ಲಿನಂತೆ ನಿಂತುಬಿಡುತ್ತದೆ. ತಲೆ ಅಲುಗಿಸದೆ ಕಣ್ಣು ಮಾತ್ರ ನಿಮ್ಮ ಕಡೆ ಹೊರಳುತ್ತದೆ, ಕಣ್ಣಂಚಿನ ಬಿಳಿ ಕಾಣುತ್ತದೆ. ಇಷ್ಟಾದ ಮೇಲೂ ಕೈ ಮುಂದೆ ಬಂದರೆ ಗುರ್ರ್. ಇದಕ್ಕೆ ಏಟು ಕೊಟ್ಟರೆ ನಿಲ್ಲುವುದು ಸದ್ದು ಮಾತ್ರ. ಭಯ ಒಳಗೇ ಇರುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು. ಬಾಲ ಅಲ್ಲಾಡುತ್ತಿದೆ ಅಂತಲೂ ಮೋಸ ಹೋಗಬೇಡಿ. ಮೈ ಬಿಗಿಯಿಟ್ಟುಕೊಂಡು ಬಾಲ ಅಲ್ಲಾಡಿಸುವ ನಾಯಿ ಖುಷಿಯಾಗಿಲ್ಲ.

ಯಜಮಾನಿಕೆಯ ಕಥೆ ಹುಟ್ಟಿದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಬೋನಿನಲ್ಲಿಟ್ಟ ತೋಳಗಳು ಕಿತ್ತಾಡುವುದನ್ನು ನೋಡಿ, ಅವು ಯಜಮಾನಿಕೆಗಾಗಿ ಕಾದಾಡುತ್ತವೆ ಅಂತ ಬರೆದರು. ತೋಳಗಳ ಸಂಶೋಧಕ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಹಬ್ಬಿಸಿದರು. ಆಮೇಲೆ ಕಾಡಿನ ತೋಳಗಳ ಹಿಂದೆ ವರ್ಷಗಟ್ಟಲೆ ಅಲೆದು, ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಷ್ಟೇ ಅಂತ 1999ರಲ್ಲಿ ಅವರೇ ಬರೆದರು. ಗುಂಡನಿಗೆ ನಿಮ್ಮ ಮನೆ ಆಳುವ ಆಸೆ ಏನೂ ಇಲ್ಲ. ಅವನಿಗೆ ಬೇಕಿರುವುದು ಕಾಲುಚೀಲ.

ಇನ್ನು "ತಪ್ಪು ಗೊತ್ತು" ಅನ್ನುವ ಮುಖ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ನಾಯಿ ನಿಜವಾಗಿ ತಪ್ಪು ಮಾಡಿದೆಯೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಮಾಲೀಕರು ಬೈದಾಗ ಆ ಮುಖ ಬಂತು. ಗುಂಡ ನೋಡುತ್ತಿರುವುದು ನಿಮ್ಮ ಸಿಟ್ಟನ್ನು.

ಮೊದಲ ಕೆಲಸ, ಬಟ್ಟೆ ರಾಶಿಗೆ ಮುಚ್ಚಳವಿರುವ ಬುಟ್ಟಿ. ಮಂಚದ ಕೆಳಗೆ ನುಗ್ಗಲಾಗದಂತೆ ಅಡ್ಡ ಇಡಿ. ಅವನ ಬಾಯಲ್ಲಿ ಏನಾದರೂ ಇದ್ದರೆ ಮಗಳು ಹತ್ತಿರ ಹೋಗಬಾರದು, ದೊಡ್ಡವರನ್ನು ಕೂಗಬೇಕು. ಇದರಲ್ಲಿ ರಿಯಾಯಿತಿ ಬೇಡ.

ಆದರೂ ಕದ್ದನಾ? ಓಡಿಸಿಕೊಂಡು ಹೋಗಬೇಡಿ, ಅವನಿಗೆ ಅದೂ ಆಟವೇ. ಬೇಯಿಸಿದ ಕೋಳಿ ಚೂರುಗಳನ್ನು ಮಂಚದಿಂದ ದೂರ, ಒಂದೊಂದಾಗಿ ನೆಲಕ್ಕೆ ಎಸೆಯಿರಿ. ಅವನು ಹೊರಬಂದು ತಿನ್ನುತ್ತಾ ಪಕ್ಕದ ರೂಮಿಗೆ ಹೋಗಲಿ, ಬಾಗಿಲು ಹಾಕಿ, ಆಮೇಲೆ ಕಾಲುಚೀಲ ತೆಗೆದುಕೊಳ್ಳಿ. ಇದು ಪಾಠ ಅಲ್ಲ, ಬೆಂಕಿ ಆರಿಸುವ ಕೆಲಸ.

ಪಾಠ ಬೇರೆ ಹೊತ್ತಲ್ಲಿ. ಅವನಿಗೆ ಅಷ್ಟೇನೂ ಇಷ್ಟವಿಲ್ಲದ ಆಟಿಕೆ ಕೊಡಿ. "ಬಿಡು" ಅನ್ನಿ. ಅಂದ ಮೇಲೆ ಕೈ ಜೇಬಿಗೆ ಹೋಗಲಿ, ಮುಂಚೆ ಬೇಡ. ತಿಂಡಿ ಮೂಗಿನ ಹತ್ತಿರ ತನ್ನಿ. ಬಾಯಿ ಬಿಟ್ಟ ಕೂಡಲೇ "ಹಾಂ" ಅಂದು ಕೊಡಿ. ಒಂದೆರಡು ಸೆಕೆಂಡ್ ದಾಟಿದರೆ ಯಾವುದಕ್ಕೆ ಸಿಕ್ಕಿತು ಅಂತ ಅವನಿಗೆ ಗೊತ್ತಾಗುವುದಿಲ್ಲ. ತಿಂದಾದ ಮೇಲೆ ಆಟಿಕೆ ವಾಪಸ್ ಕೊಟ್ಟುಬಿಡಿ! ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಬಿಟ್ಟರೂ ಕಳೆದುಕೊಳ್ಳುವುದಿಲ್ಲ ಅಂತ ನಂಬಿಕೆ ಬಂದ ನಾಯಿ ಸಲೀಸಾಗಿ ಬಿಡುತ್ತದೆ. ದಿನಗಳೆದಂತೆ ಇಷ್ಟದ ವಸ್ತುಗಳ ಕಡೆ ಹೋಗಿ. ಕಾಲುಚೀಲ ಕೊನೆಗೆ. ಎಲ್ಲಾದರೂ ಮೈ ಬಿಗಿಯಾದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ನೇರಮಾತು ಸರ್, ಮೊದಲು ತೋರಿಸಿ ಕರೆದರೆ ಲಂಚ, ಒಪ್ಪುತ್ತೇನೆ. ಕೆಲಸ ಆದ ಮೇಲೆ ಬಂದರೆ ಕೂಲಿ. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲ ಕೊಡಬೇಕಾಗಿಲ್ಲ. ಈಗ ಸಿಗಬಹುದು ಅನ್ನುವ ಆಸೆಯಲ್ಲಿ ಇನ್ನೂ ಚೆನ್ನಾಗಿ ಮಾಡುತ್ತದೆ.

ಚುಕ್ಕಿಯ ಅಪ್ಪ:

ಬಟ್ಟೆ ಅಗಿಯುವ ನಾಯಿ ಎಂದಾದರೂ ನುಂಗಿಬಿಡಬಹುದು. ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಕಾಲುಚೀಲ ಲೆಕ್ಕಕ್ಕೆ ಸಿಗದೆ ಹೋಗಿ, ವಾಂತಿ ಮಾಡುತ್ತಾ ಊಟ ಬಿಟ್ಟರೆ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ. ಇನ್ನೊಂದು, ಈ ಸಿಡುಕು ಇತ್ತೀಚೆಗೆ ಶುರುವಾಗಿದ್ದರೆ ಹಲ್ಲು, ಕಿವಿ, ಕೀಲು ತೋರಿಸಿ. ನೋವಿರುವ ನಾಯಿ ಬೇಗ ರೇಗುತ್ತದೆ.

ಗುಂಡನ ಮನೆಯವಳು:

ತುಂಬಾ ಥ್ಯಾಂಕ್ಸ್. ಬುಟ್ಟಿಗೆ ಮುಚ್ಚಳ ಇವತ್ತೇ ಬಂತು. ಒಂದು ಅನುಮಾನ. ತಿಂಡಿ ಸಿಗುತ್ತದೆ ಅಂತ ಬೇಕಂತಲೇ ಕದ್ದು ತರಲು ಶುರು ಮಾಡಿದರೆ? ನಮ್ಮವರು ಅದನ್ನೇ ಹಿಡಿದು ಕೂತಿದ್ದಾರೆ.

ಹಳೇ ಟ್ರೈನರ್:

ನಿಮ್ಮವರ ಮಾತಲ್ಲಿ ಅರ್ಧ ನಿಜ ಇದೆ. ಜಾಣ ನಾಯಿಗಳು ಹಾಗೆ ಮಾಡುತ್ತವೆ. ಅದಕ್ಕೇ ಕದ್ದಾಗ ಮಾತ್ರ ಅಲ್ಲ, ಅವನದೇ ಆಟಿಕೆ ಬಾಯಲ್ಲಿರುವಾಗಲೂ ಸುಮ್ನೆ ದಿನಕ್ಕೆ ಕೆಲವು ಸಲ "ಬಿಡು" ಮಾಡಿಸಿ. ನೆಲದ ಮೇಲೆ ಕಾಲುಚೀಲ ಬಿದ್ದಿದ್ದು ಅವನು ನೋಡಿಯೂ ಮುಟ್ಟದೆ ದಾಟಿದರೆ, ಆವಾಗ ಒಳ್ಳೆಯ ಚೂರು ಕೊಡಿ. ಯಾವುದರಿಂದ ಲಾಭ ಜಾಸ್ತಿ ಅಂತ ಅವನೇ ಲೆಕ್ಕ ಹಾಕುತ್ತಾನೆ. ಹಾಗೆ ನೋಡಿದರೆ, ಕದ್ದು ತಂದು ನಿಮ್ಮ ಮುಂದೆ ಹಿಡಿಯುವ ನಾಯಿ ಮಂಚದ ಕೆಳಗೆ ಹಲ್ಲು ಕಿರಿಯುವ ನಾಯಿಗಿಂತ ಎಷ್ಟೋ ವಾಸಿ, ಅಲ್ವಾ? ಬಾಯಿ ಹಾಕುವುದು ಇನ್ನೊಂದು ಸಲ ಆದರೆ ಮಾತ್ರ ಇಲ್ಲಿ ಕೇಳುತ್ತಾ ಕೂರಬೇಡಿ. ಹೊಡೆಯದೆ ಕಲಿಸುವ ಟ್ರೈನರನ್ನು ಮನೆಗೇ ಕರೆಸಿ.