ಹತ್ತು ವಾರದ ಪಾಲಿಸಿ ಪ್ರಾಜೆಕ್ಟ್, ವಿಷಯ ಮಾತ್ರ ಇಡೀ ಹೊರವಲಯದ ನೀರು: ಅನುಭವ ಇರುವವರು ಹೇಳಿ

ಕೇಳಿದವರು: ಎಂ.ಎ. ಮೊದಲ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಪಬ್ಲಿಕ್ ಪಾಲಿಸಿ ಓದ್ತಾ ಇದ್ದೀನಿ. ನಮ್ಮ ಕೋರ್ಸಿನಲ್ಲಿ ನಾಲ್ಕು ಜನರ ತಂಡ ಮಾಡಿ ಒಂದೊಂದು ಹೊರಗಿನ ಸಂಸ್ಥೆಗೆ ಹತ್ತು ವಾರ ಕಳಿಸುತ್ತಾರೆ. ಆ ಸಂಸ್ಥೆಯ ಮುಂದಿರುವ ನಿಜವಾದ ಸಮಸ್ಯೆ ಒಂದನ್ನು ತೆಗೆದುಕೊಂಡು ಕೆಲಸ ಮಾಡಿ ವರದಿ ಕೊಡಬೇಕು. ನಮಗೆ ಸಿಕ್ಕಿರುವುದು ನೀರಿನ ವಿಷಯದಲ್ಲಿ ಕೆಲಸ ಮಾಡುವ ಒಂದು ಎನ್‌ಜಿಒ. ಅವರು ಕಳಿಸಿದ್ದು ಒಂದೇ ಸಾಲು: ‘ಬೆಂಗಳೂರಿನ ಹೊರವಲಯದ ನೀರಿನ ಸಮಸ್ಯೆಗೆ ನೀತಿ ಪರಿಹಾರಗಳು’. ನೋಡಿದಾಗಿನಿಂದ ತಂಡದಲ್ಲಿ ಇಬ್ಬರಿಗೆ ಖುಷಿ, ಇಬ್ಬರಿಗೆ ಜ್ವರ. ಇಷ್ಟು ದೊಡ್ಡದನ್ನು ಚಿಕ್ಕದು ಮಾಡೋದು ಹೇಗೆ? ಜಲಮಂಡಳಿಯಿಂದ ಅಂಕಿಅಂಶ ಸಿಗುತ್ತಾ? ಸ್ಟೈಪೆಂಡ್ ಇಲ್ಲವಂತೆ, ಒಪ್ಪಿಕೊಳ್ಳಬಹುದಾ? ಮಾಡಿದವರು, ಮಾಡಿಸಿದವರು ಯಾರಿದ್ದರೂ ಹೇಳಿ.

ಉತ್ತರ: ಇಂಥದ್ದೇ ಕೋರ್ಸ್ ಮುಗಿಸಿ ಈಗ ಸಂಶೋಧನಾ ಸಂಸ್ಥೆಯೊಂದರಲ್ಲಿ ಇರುವವರು

ಮೊದಲ ಸಾಲು ಯಾವಾಗಲೂ ಹೀಗೇ ಇರುತ್ತೆ, ಹೆದರಬೇಡಿ. ಬರೆದವರು ಯಾವುದೋ ಮೀಟಿಂಗ್ ನಡುವೆ ಐದು ನಿಮಿಷದಲ್ಲಿ ಬರೆದಿರ್ತಾರೆ. ಮೊದಲ ಭೇಟಿಯಲ್ಲೇ ಕೇಳಿ: ನಮ್ಮ ವರದಿ ಯಾರ ಮೇಜಿಗೆ ಹೋಗುತ್ತೆ, ಓದಿ ಅವರು ಏನು ತೀರ್ಮಾನ ಮಾಡಬೇಕಾಗಿದೆ? ಇದಕ್ಕೆ ನೇರ ಉತ್ತರ ಬಂದರೆ ವಿಷಯ ಅಲ್ಲೇ ಅರ್ಧ ಕುಗ್ಗುತ್ತೆ. ಬರಲಿಲ್ಲ ಅಂದ್ರೆ ಅದೇ ವಾರ ನಿಮ್ಮ ಗೈಡ್ ಹತ್ತಿರ ಹೋಗಿ ಮಾತಾಡಿ. ಇಲ್ಲದಿದ್ದರೆ ಹತ್ತು ವಾರ ಅವರ ಹಳೇ ಎಕ್ಸೆಲ್ ಶೀಟ್ ತುಂಬಿಸೋದೇ ಕೆಲಸ ಆಗುತ್ತೆ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. 2007ರಲ್ಲಿ ಬಿಬಿಎಂಪಿ ಆದಾಗ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದು ಕಾವೇರಿ ಐದನೇ ಹಂತ ಬಂತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯೂ ಆಯ್ತು. ಯೋಜನೆಯ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಆದರೆ ಕೊಳವೆ ಬಾಗಿಲ ತನಕ ಬಂದರೂ ಸಂಪರ್ಕ ತೆಗೆದುಕೊಳ್ಳದ ಮನೆಗಳು, ಅಪಾರ್ಟ್‌ಮೆಂಟ್‌ಗಳು ಇವೆ. ಯಾಕೆ? ಒಂದೇ ಸಲ ಕಟ್ಟಬೇಕಾದ ದುಡ್ಡು ಜಾಸ್ತಿ ಅಂತಲಾ? ಖಾತೆ, ನಕ್ಷೆ ಅಂತ ದಾಖಲೆ ಸರಿ ಇಲ್ಲವಾ? ಬೋರ್‌ವೆಲ್‌ನಲ್ಲಿ ಇನ್ನೂ ನೀರು ಬರ್ತಿದೆ ಅಂತಲಾ? ಅಥವಾ ಮಾಲೀಕರು ಬೇರೆಲ್ಲೋ ಇದ್ದು, ಟ್ಯಾಂಕರ್ ದುಡ್ಡು ಬಾಡಿಗೆದಾರರೇ ಕೊಡ್ತಿದ್ದಾರಾ? ಈ ಕೊನೆಯದನ್ನು ಗಮನಿಸಿ. ಸಂಪರ್ಕಕ್ಕೆ ದುಡ್ಡು ಹಾಕಬೇಕಾದವರು ಒಬ್ಬರು, ಅದು ಇಲ್ಲದೆ ಒದ್ದಾಡುವವರು ಇನ್ನೊಬ್ಬರು. ಹಾಗಿದ್ದಾಗ ಎಷ್ಟು ಜಾಗೃತಿ ಕಾರ್ಯಕ್ರಮ ಮಾಡಿದರೂ ಪ್ರಯೋಜನ ಇಲ್ಲ.

ಕಾರಣ ಬೇರೆಯಾದರೆ ಬಡಿಯಬೇಕಾದ ಬಾಗಿಲೂ ಬೇರೆ. ಕಂತು ಕೊಡಿ ಅಂತ ಜಲಮಂಡಳಿಯನ್ನು ಕೇಳಬಹುದು. ದಾಖಲೆಯ ತೊಡಕಾದರೆ ಪಾಲಿಕೆಯ ಕಡೆ, ಸರ್ಕಾರದ ನಿಯಮದ ಕಡೆ ನೋಡಬೇಕು. ಬಾಡಿಗೆದಾರರ ಪರವಾಗಿ ಎಲ್ಲಿ ಕೇಳೋದು ಅನ್ನೋದಕ್ಕೆ ಸುಲಭದ ಉತ್ತರ ಇಲ್ಲ, ಅದಕ್ಕೇ ಅದು ಒಳ್ಳೇ ಪ್ರಶ್ನೆ. ‘ಜಲಮಂಡಳಿಯ ಒಂದು ಸೇವಾ ಠಾಣೆಯ (ಸ್ಥಳೀಯ ಕಚೇರಿಯ) ವ್ಯಾಪ್ತಿಯಲ್ಲಿ ಕೊಳವೆ ಇದ್ದೂ ಸಂಪರ್ಕ ಇಲ್ಲದ ಮನೆಗಳಿಗೆ ಅಡ್ಡಿ ಏನು’ ಅಂತ ಇಟ್ಟುಕೊಂಡರೆ ನಾಲ್ಕು ಜನಕ್ಕೆ ಹತ್ತು ವಾರ ಸರಿಹೋಗುತ್ತೆ.

ಇನ್ನೊಂದು ಮಾತು. 2011ರ ಜನಗಣತಿ ಅಂಕಿಅಂಶ ಹಳೇ 198 ವಾರ್ಡ್‌ಗಳ ಲೆಕ್ಕದಲ್ಲಿದೆ. 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಆಗಿವೆ, ವಾರ್ಡ್‌ಗಳೂ ಬೇರೆ. ಜಲಮಂಡಳಿ ಒಂದೇ ಇದ್ದರೂ ಅದರ ಉಪವಿಭಾಗಗಳ ಗಡಿ ಅದರದ್ದೇ. ಈ ಮೂರು ನಕ್ಷೆ ಒಂದಕ್ಕೊಂದು ಕೂಡಲ್ಲ. ಪ್ರತಿ ತಂಡದಲ್ಲೂ ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡೋ ಕೆಲಸ) ಬರುವವರು ಒಬ್ಬರು ಇರ್ತಾರೆ, ಮೊದಲ ಮೂರು ವಾರ ನಕ್ಷೆಗೆ ಬಣ್ಣ ಹಚ್ಚುತ್ತಾ ಕೂರದ ಹಾಗೆ ಅವರನ್ನು ಸ್ವಲ್ಪ ಹಿಡಿದಿಡಿ.

ಉತ್ತರ: ನಿವೃತ್ತ ಶಾಖಾಧಿಕಾರಿ

ನೋಡಮ್ಮ, ಅಂಕಿಅಂಶದ ಬಗ್ಗೆ ಕೇಳಿದ್ದೀಯ. ಕಚೇರಿಗೆ ಇಮೇಲ್ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬೇಡ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆಸು. ಏನು ಬೇಕು, ಯಾವ ವರ್ಷದ್ದು, ಯಾವ ಪ್ರದೇಶದ್ದು, ಇಷ್ಟೇ ಇರಲಿ. ಜಲಮಂಡಳಿಯ ಕೇಂದ್ರ ಕಚೇರಿ ಕಾವೇರಿ ಭವನಕ್ಕೆ ಹೋಗಿ ಟಪಾಲು ವಿಭಾಗದಲ್ಲಿ ಕೊಟ್ಟು, ನಿನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೋ. ಆಮೇಲೆ ಆ ಕಡತ ಯಾವ ವಿಷಯ ನಿರ್ವಾಹಕರ (ಆ ವಿಷಯದ ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಹತ್ತಿರ ಹೋಗಿದೆ ಎಂದು ವಿಚಾರಿಸಿ ಅವರನ್ನು ಕಾಣು. ಸಾಹೇಬರು ‘ಕೊಡಿ’ ಎಂದು ಬರೆಯುತ್ತಾರೆ, ನಿಜವಾಗಿ ಹುಡುಕಿ ಕೊಡುವವರು ಇವರೇ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡ.

ಕಾಲವನ್ನೂ ನೋಡಿಕೋ. ಮಾರ್ಚ್‌ನಲ್ಲಿ ಬಿಲ್ಲುಗಳ ಗಡಿಬಿಡಿ, ಯಾರೂ ತಲೆ ಎತ್ತುವುದಿಲ್ಲ. ಮೇ, ಜೂನ್ ಸಾರ್ವತ್ರಿಕ ವರ್ಗಾವಣೆಯ ಸಮಯ. ನಿನಗೆ ಒಪ್ಪಿಗೆ ಕೊಟ್ಟವರು ಮುಂದಿನ ವಾರ ಆ ಕುರ್ಚಿಯಲ್ಲಿ ಇರುವುದಿಲ್ಲ. ಅದಕ್ಕೇ ಬಾಯಿಮಾತಿನ ಒಪ್ಪಿಗೆ ನಂಬದೆ ಕಡತದಲ್ಲಿ ಬರುವಂತೆ ಮಾಡಿಕೋ.

ಮಾಹಿತಿ ಹಕ್ಕು ಅರ್ಜಿ ಹಾಕುವುದಾದರೆ ಮೊದಲ ವಾರವೇ ಹಾಕು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವು, ಅಂದರೆ ನಿನ್ನ ಹತ್ತು ವಾರದಲ್ಲಿ ನಾಲ್ಕು ವಾರ ಅಲ್ಲೇ ಹೋಯಿತು. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಕಳಿಸುತ್ತಾರೆ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಬಂದ ಅರ್ಜಿಗಳ ಸಂಖ್ಯೆ, ಕೊಟ್ಟ ಸಂಪರ್ಕಗಳ ಸಂಖ್ಯೆ’ ಎಂದು ಕೇಳು. ಅದಕ್ಕೂ ಮೊದಲು ರಾಜ್ಯದ ಆರ್ಥಿಕ ಸಮೀಕ್ಷೆ, ಜಿಲ್ಲಾ ಅಂಕಿಅಂಶಗಳ ನೋಟ, ಸಿಎಜಿ (ಸರ್ಕಾರದ ಲೆಕ್ಕಪರಿಶೋಧಕರ) ವರದಿಗಳನ್ನು ಓದಿರಬೇಕು. ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಕಚೇರಿಗೆ ಬಂದು ಕೇಳಿದರೆ ಅವರಿಗೆ ನಿಮ್ಮ ಮೇಲೆ ಗೌರವ ಹೊರಟುಹೋಗುತ್ತದೆ.

ಉತ್ತರ: ಡೇಟಾ ಕೆಲಸ ಮಾಡುವವರು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕೈಗೆ ಬರುವ ಪಿಡಿಎಫ್ ಹಳೇ ನುಡಿ ಫಾಂಟ್‌ನಲ್ಲಿದ್ದರೆ ಕಾಪಿ ಮಾಡಿದ ತಕ್ಷಣ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬದಲಾಯಿಸಿದ ಮೇಲೆ ಒತ್ತಕ್ಷರ, ಅಂಕಿ ಎರಡನ್ನೂ ಕಣ್ಣಲ್ಲಿ ನೋಡಿ. ಸ್ಕ್ಯಾನ್ ಪ್ರತಿ ಆದರೆ ಕೂತು ಟೈಪ್ ಮಾಡೋದೇ ಬೇಗ. ಬೆಂಗಳೂರಿನದ್ದೇ ‘ಓಪನ್‌ಸಿಟಿ’ ತಾಣವನ್ನೂ ಒಮ್ಮೆ ಜಾಲಾಡಿ, ಬೇರೆ ಯಾರೋ ಆಗಲೇ ಪಡೆದು ಹಾಕಿರಬಹುದು.

ಉತ್ತರ: ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಸಂಸ್ಥೆಯೊಂದರಲ್ಲಿ ಇರುವವರು

ಈ ಕಡೆಯ ಮಾತನ್ನೂ ಕೇಳಿ. ‘ಯಾರ ಮೇಜಿಗೆ’ ಅನ್ನುವ ಪ್ರಶ್ನೆ ಸರಿ. ಆದರೆ ಉತ್ತರ ಬರಲಿಲ್ಲ ಅಂತ ಸಂಸ್ಥೆಯೇ ಸರಿ ಇಲ್ಲ ಅಂದುಕೊಳ್ಳೋದು ಅವಸರ. ಎಷ್ಟೋ ಸಲ ನಮಗೂ ಅದು ಗೊತ್ತಿರಲ್ಲ. ದಿನಾ ಅದೇ ಕೆಲಸದಲ್ಲಿ ಮುಳುಗಿದ್ದು, ಸರಳವಾದ ಪ್ರಶ್ನೆ ಕೇಳೋದನ್ನೇ ಬಿಟ್ಟಿರ್ತೀವಿ. ಹೊಸಬರು ಬಂದು ಕೇಳಿದಾಗ ಒಳಗೇ ಜಗಳ ಆಗಿ ವಿಷಯ ತಿಳಿಯಾಗುತ್ತೆ. ಎರಡನೇ ವಾರದ ಕೊನೆ ತನಕ ಅವಕಾಶ ಕೊಡಿ.

ಎಂಬತ್ತು ಪುಟದ ವರದಿಯನ್ನು ನಾವು ಓದೋದಿಲ್ಲ, ಹೇಳಿಬಿಡ್ತೀನಿ. ಅದು ನಿಮ್ಮ ಮಾರ್ಕ್ಸ್‌ಗೆ ಇರಲಿ. ನಮಗೆ ಬೇಕಾಗಿದ್ದು ಎರಡು ಪುಟದ ಟಿಪ್ಪಣಿ, ಕನ್ನಡದಲ್ಲಿ ಒಂದು ಪ್ರತಿ ಇರಲೇಬೇಕು. ಅದನ್ನೇ ನಾವು ಎಂಜಿನಿಯರ್ ಕೈಗೆ, ಶಾಸಕರ ಕಚೇರಿಗೆ ಕೊಡೋದು. ಜೊತೆಗೆ ಯಾವ ಕಾಲಂ ಏನು ಅಂತ ಬರೆದಿಟ್ಟ ಡೇಟಾ ಶೀಟ್. ನೀವು ಹೋದ ಮೇಲೆ ‘ಕ್ಯೂ14_ಬಿ’ ಅಂದ್ರೆ ಏನು ಅಂತ ಯಾರನ್ನು ಕೇಳೋದು?

ಇದಕ್ಕಿಂತ ಮುಖ್ಯವಾದ್ದು ಒಂದಿದೆ, ಕಾಲೇಜುಗಳು ಅದನ್ನು ಹೇಳಿಕೊಡಲ್ಲ. ನಿಮಗೆ ಸಿಕ್ಕ ಉತ್ತರ ಸಂಸ್ಥೆಗೆ ಹಿಡಿಸದಿದ್ದರೆ? ಉದಾಹರಣೆಗೆ, ಅವರು ನಡೆಸುತ್ತಿರುವ ಜಾಗೃತಿ ಶಿಬಿರದಿಂದ ಒಂದು ಸಂಪರ್ಕವೂ ಹೆಚ್ಚಾಗಿಲ್ಲ ಅಂತ ಗೊತ್ತಾದರೆ? ಶುರುವಿನಲ್ಲೇ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಡೇಟಾ ಯಾರದ್ದು, ವರದಿ ಹೊರಗೆ ಪ್ರಕಟ ಮಾಡಬಹುದಾ, ತಿದ್ದುವ ಹಕ್ಕು ಯಾರಿಗೆ, ಯಾರ ಹೆಸರು ಹಾಕ್ತಾರೆ. ಒಳ್ಳೇ ಮನಸ್ಸಿನ ಸಂಸ್ಥೆ ಆದರೂ ಫಂಡ್ ಕೊಡುವವರ ಮುಂದೆ ವರದಿ ಹೋಗುವಾಗ ಕೈ ಸ್ವಲ್ಪ ನಡುಗುತ್ತೆ. ಕೆಟ್ಟ ಸುದ್ದಿಯನ್ನು ಕೊನೇ ದಿನದ ಪ್ರೆಸೆಂಟೇಶನ್‌ಗೆ ಇಟ್ಟುಕೊಳ್ಳಬೇಡಿ. ಸಿಕ್ಕ ವಾರವೇ ಬಂದು ಹೇಳಿ, ನಾವೂ ಜೀರ್ಣಿಸಿಕೊಳ್ಳಬೇಕು.

ಉತ್ತರ: ಮಹದೇವಪುರ ಕಡೆಯ ನಿವಾಸಿ

ಬೇಸಿಗೆ ಬಂತು ಅಂದ್ರೆ ನಮ್ಮ ಲೇಔಟ್‌ಗೆ ಸರ್ವೆ ಮಕ್ಕಳೂ ಬರ್ತಾರೆ. ತಪ್ಪಲ್ಲ. ಆದರೆ ‘ದಿನಕ್ಕೆ ಎಷ್ಟು ಲೀಟರ್ ಬಳಸ್ತೀರಾ ಆಂಟಿ’ ಅಂದ್ರೆ ಯಾರಿಗಪ್ಪಾ ಗೊತ್ತು? ತಿಂಗಳಿಗೆ ಎಷ್ಟು ಟ್ಯಾಂಕರ್, ಸಂಪ್ ಎಷ್ಟು ದೊಡ್ಡದು, ನೀರು ಯಾವ ದಿನ ಎಷ್ಟು ಗಂಟೆಗೆ ಬಿಡ್ತಾರೆ, ಇಂಥದ್ದು ಕೇಳಿ. ಹೇಳೋಕೆ ಬರುತ್ತೆ.

2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, ಜಿಎಸ್‌ಟಿ ಬೇರೆ. ನಮ್ಮ ಬಾಗಿಲಿಗೆ ಬಂದ ದರ ಬೇರೆ. ಟ್ಯಾಂಕರ್‌ನವರನ್ನು ಕೇಳಿದರೆ ಸರ್ಕಾರಿ ದರವನ್ನೇ ಹೇಳ್ತಾರೆ, ರಸೀದಿಯಂತೂ ಕೊಡಲ್ಲ. ನಿಜ ಗೊತ್ತಾಗಬೇಕಾದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಖರ್ಚಿನ ಪುಸ್ತಕ ನೋಡಿ, ಟ್ರೆಷರರ್ ಒಪ್ಪಿದರೆ ತಿಂಗಳು ತಿಂಗಳದ್ದೂ ಸಿಗುತ್ತೆ. ಬಿಡಿ ಮನೆಗಳಲ್ಲಿ ಹೆಂಗಸರನ್ನು ಕೇಳಿ, ಫೋನ್‌ಪೇ ತೆಗೆದು ತೋರಿಸ್ತಾರೆ. ಆಮೇಲೆ ಬೀದಿಗೆ ನೀರು ಬಿಡೋ ವಾಲ್ವ್‌ಮನ್‌ನ ಕೇಳಿ. ಯಾವ ಬೀದಿಗೆ ನೀರು ಏರಲ್ಲ ಅಂತ ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇಲ್ಲ. ಆದರೆ ಅವರು ಹೇಳಿದ್ದನ್ನು ಅವರಿಗೆ ತೊಂದರೆ ಆಗೋ ಹಾಗೆ ಬರೀಬೇಡಿ, ಗುತ್ತಿಗೆ ಕೆಲಸದವರೂ ಇರ್ತಾರೆ.

ಮತ್ತೆ, ವರದಿ ಆದ ಮೇಲೆ ಒಂದು ಸಲ ಬಂದು ಏನು ಗೊತ್ತಾಯ್ತು ಅಂತ ಹೇಳಿ ಹೋಗ್ರಪ್ಪಾ. ಇಲ್ಲೀವರೆಗೆ ಯಾರೂ ಬಂದಿಲ್ಲ.

ಉತ್ತರ: ಕೊನೇ ವರ್ಷದ ವಿದ್ಯಾರ್ಥಿ

ಸ್ಟೈಪೆಂಡ್ ಇಲ್ಲದಿದ್ದರೂ ಓಡಾಟದ ಖರ್ಚು, ಮೊಬೈಲ್ ಡೇಟಾ ಕೇಳಿ, ಅದಕ್ಕೆ ಇಲ್ಲ ಅನ್ನೋದು ಕಮ್ಮಿ. ಕೇಳೋಕೆ ಸಂಕೋಚ ಬೇಡ. ನಮ್ಮ ರಾಜ್ಯದ ಹುಡುಗಿಯರಿಗೆ ಬಿಎಂಟಿಸಿ ಆರ್ಡಿನರಿ ಬಸ್‌ನಲ್ಲಿ ಶಕ್ತಿ ಯೋಜನೆ ಇದೆ, ತಂಡದ ಹುಡುಗರು ಪಾಸ್ ಮಾಡಿಸಿಕೊಳ್ಳಲಿ. ಮನೆ ಬಾಡಿಗೆ ನಾವೇ ಕಟ್ಟಿಕೊಂಡು ಪೂರ್ತಿ ಬಿಟ್ಟಿ ದುಡಿಯೋದಾದರೆ ಮಾತ್ರ ಕಾಲೇಜಿನಲ್ಲಿ ಮಾತಾಡಿ, ಊರಿಂದ ಬಂದವರಿಗೆ ಅದು ಆಗದ ಮಾತು.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಮೊದಲ ಮೀಟಿಂಗ್ ಆಯ್ತು. ‘ಯಾರ ಮೇಜಿಗೆ’ ಅಂತ ಕೇಳಿದೆ, ಸ್ವಲ್ಪ ಹೊತ್ತು ಅವರವರಲ್ಲೇ ಮಾತಾಡಿಕೊಂಡರು. ಸಂಪರ್ಕ ಕೊಡಿಸುವ ಮೇಳ ಮಾಡಬೇಕೋ ಬೇಡವೋ ಅಂತ ಅವರ ಕಾರ್ಯಕ್ರಮದ ಮುಖ್ಯಸ್ಥರು ತೀರ್ಮಾನ ಮಾಡಬೇಕಂತೆ, ಅದಕ್ಕೆ ನಮ್ಮ ಕೆಲಸ. ಎರಡು ಬಡಾವಣೆಗೆ ಇಳಿಸಿದ್ದೀವಿ. ಪತ್ರ ನಾಳೆ ಟಪಾಲಿಗೆ ಹೋಗುತ್ತೆ. ಒಂದೇ ತಲೆನೋವು: ತಂಡದಲ್ಲಿ ಇಬ್ಬರಿಗೆ ಕನ್ನಡ ಬರಲ್ಲ. ಅವರನ್ನು ಆಫೀಸಿನಲ್ಲೇ ಕೂರಿಸೋದಾ?

ಉತ್ತರ: ಸಂಶೋಧನಾ ಸಂಸ್ಥೆಯಲ್ಲಿ ಇರುವವರು

ಬೇಡ, ಕೂರಿಸಬೇಡಿ. ಆ ಕಡೆ ತೆಲುಗು, ತಮಿಳು, ಹಿಂದಿ ಮಾತಾಡುವ ಬಾಡಿಗೆ ಮನೆಗಳು ಎಷ್ಟಿವೆ ಅಂತ ಹೋದ ಮೇಲೆ ಗೊತ್ತಾಗುತ್ತೆ. ನಿಮಗೆ ಬೇಕಾಗಿರುವ ಬಾಡಿಗೆದಾರರಲ್ಲಿ ಅವರೇ ಜಾಸ್ತಿ ಇರಬಹುದು. ಕನ್ನಡ ಬರುವವರು ಒಬ್ಬರು, ಬಾರದವರು ಒಬ್ಬರು ಜೋಡಿಯಾಗಿ ಹೋಗಿ. ಮಾಲೀಕರ ಹತ್ತಿರ ಒಬ್ಬರು ಮಾತಾಡಲಿ, ಬಾಡಿಗೆದಾರರ ಹತ್ತಿರ ಇನ್ನೊಬ್ಬರು. ಮಾಲೀಕರ ಮುಂದೆ ಬಾಡಿಗೆದಾರರನ್ನು ಮಾತ್ರ ಕೇಳಬೇಡಿ, ಎಲ್ಲ ಚೆನ್ನಾಗಿದೆ ಅಂತಲೇ ಹೇಳ್ತಾರೆ. ಬರೆದುಕೊಂಡಿದ್ದನ್ನು ಅದೇ ಸಂಜೆ ಇಬ್ಬರೂ ಕೂತು ಶೀಟ್‌ಗೆ ಏರಿಸಿ, ಮಾರನೇ ದಿನಕ್ಕೆ ಬಿಟ್ಟರೆ ಯಾವ ಮನೆಯವರು ಏನು ಹೇಳಿದ್ದು ಅನ್ನೋದೇ ಕಲಸಿಹೋಗುತ್ತೆ.