ಚಲಿಸುವ ವಾಹನದಲ್ಲಿರುವ ಕಮಾಂಡರ್‌ಗೆ ತನ್ನ ತುಕಡಿಗಳ ನೆಲೆ ತಿಳಿಯುವುದು ಹೇಗೆ?

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಎಲೆಕ್ಟ್ರಾನಿಕ್ಸ್ ವಿಭಾಗದ ಕೊನೆಯ ವರ್ಷದಲ್ಲಿರುವ ನಾನು, ರಣರಂಗದಲ್ಲಿ ಕಮಾಂಡರ್‌ಗಳು ಬಳಸುವ ಸಂಚಾರಿ ಆದೇಶ ಮತ್ತು ನಿಯಂತ್ರಣ ವ್ಯವಸ್ಥೆಯನ್ನು ಕುರಿತು ಸೆಮಿನಾರ್ ಸಿದ್ಧಪಡಿಸುತ್ತಿದ್ದೇನೆ. ಚಿತ್ರದುರ್ಗದ ಜೋಗಿಮಟ್ಟಿಯ ತಪ್ಪಲಿನಲ್ಲಿ ಹೋಗುವಾಗ ನನ್ನ ಮೊಬೈಲಿನ ಸಿಗ್ನಲ್ ಹೋಗಿ ನಕ್ಷೆ ನಿಂತುಬಿಡುತ್ತದೆ. ಟವರ್‌ಗಳಿರುವ ನಾಡಿನಲ್ಲೇ ಹೀಗಾದರೆ, ಟವರೇ ಇಲ್ಲದ ಕಡೆ ಓಡುತ್ತಿರುವ ಜೀಪಿನಲ್ಲಿ ಕುಳಿತ ಅಧಿಕಾರಿಯ ಪರದೆಯ ಮೇಲೆ ಎಲ್ಲ ತುಕಡಿಗಳ ನೆಲೆ ಮೂಡುವುದು ಹೇಗೆ? ಎಲ್ಲವನ್ನೂ ಉಪಗ್ರಹಕ್ಕೇ ವಹಿಸಿಬಿಡಲು ಏನು ಅಡ್ಡಿ?

ಉತ್ತರ 1: ಸಿಗ್ನಲ್ಸ್ ವಿಭಾಗದ ನಿವೃತ್ತ ಸೈನಿಕ, ಚಳ್ಳಕೆರೆ

ನಿಮ್ಮ ಪ್ರಶ್ನೆಯಲ್ಲಿ ಎರಡು ಕೆಲಸಗಳು ಬೆರೆತಿವೆ. ತುಕಡಿಯೊಂದು ತಾನು ಎಲ್ಲಿದ್ದೇನೆಂದು ತಿಳಿಯಲು ಜಿಪಿಎಸ್ ಅಥವಾ ನಮ್ಮ ನಾವಿಕ್ ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಂಡರೆ ಸಾಕು, ತಾನೇನೂ ಪ್ರಸಾರ ಮಾಡಬೇಕಿಲ್ಲ. ಅದನ್ನು ಕಮಾಂಡರ್‌ಗೆ ತಿಳಿಸಬೇಕೆಂದಾಗ ಮಾತ್ರ ವೈರ್‌ಲೆಸ್ ಸೆಟ್ ಬಾಯಿ ತೆರೆಯಬೇಕಾಗುತ್ತದೆ. ತೊಡಕೆಲ್ಲ ಇರುವುದು ಅಲ್ಲಿಯೇ.

ಕಾಳಗದ ತುಕಡಿಗಳು ಹೆಚ್ಚಾಗಿ ಬಳಸುವ ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ವೈರ್‌ಲೆಸ್ ಸೆಟ್‌ಗಳು 30ರಿಂದ 88 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಇಂತಹ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 16,000 ಬಿಟ್ ಸಾಗುತ್ತದೆ ಎಂದುಕೊಳ್ಳಿ. ನಿಮ್ಮ ಮೊಬೈಲಿನಲ್ಲಿ ತೆಗೆದ 2 ಮೆಗಾಬೈಟ್ ಗಾತ್ರದ ಒಂದು ಫೋಟೋ ಅದರ ಮೂಲಕ ಹೋಗಲು ಸುಮಾರು 17 ನಿಮಿಷ ಬೇಕು, ಅಷ್ಟು ಹೊತ್ತು ಬೇರೆ ಯಾರೂ ಆ ಚಾನೆಲ್‌ನಲ್ಲಿ ಮಾತನಾಡುವಂತಿಲ್ಲ. ಅದೇ ನೆಲೆ, ಸಮಯ ಮತ್ತು ತುಕಡಿಯ ಗುರುತು ಮಾತ್ರ ಇರುವ 50 ಬೈಟ್‌ನ ವರದಿ ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲಿ ತಲುಪುತ್ತದೆ. ಆದುದರಿಂದ ನಕ್ಷೆಯನ್ನು ಹೊರಡುವ ಮೊದಲೇ ಪ್ರತಿ ಸಾಧನದಲ್ಲೂ ತುಂಬಿಸಿರುತ್ತಾರೆ, ದಾರಿಯಲ್ಲಿ ಸಾಗುವುದು ತುಕಡಿಗಳನ್ನು ತೋರಿಸುವ ಚುಕ್ಕೆಗಳ ಬದಲಾವಣೆ ಮಾತ್ರ. ನಿಮ್ಮ ಮೊಬೈಲಿನಲ್ಲೂ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಜೋಗಿಮಟ್ಟಿಯಲ್ಲಿ ಅದು ನಿಲ್ಲುತ್ತಿರಲಿಲ್ಲ.

ಗುಡ್ಡ ಅಡ್ಡ ಬಂದರೆ ಎತ್ತರದ ಜಾಗದಲ್ಲಿ ರಿಲೇ ಸೆಟ್, ಅಂದರೆ ಸಂದೇಶವನ್ನು ಪಡೆದು ಮುಂದಕ್ಕೆ ದಾಟಿಸುವ ಸೆಟ್, ಇಡುವುದು ಹಳೆಯ ಕ್ರಮ. ಈಗಿನ ಮೆಶ್ ಜಾಲದಲ್ಲಿ ಪ್ರತಿಯೊಂದು ವಾಹನವೂ ರಿಲೇ ಆಗುತ್ತದೆ, ಒಂದು ವಾಹನ ಮರೆಯಾದರೆ ಸಂದೇಶ ಇನ್ನೊಂದರ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಒನಕೆ ಓಬವ್ವನ ಕಥೆಯಲ್ಲಿ ಕಹಳೆಯವನು ಊಟಕ್ಕೆ ಹೋದ ಗಳಿಗೆಯಲ್ಲೇ ಹೈದರಾಲಿಯ ಸೈನಿಕರು ಕಿಂಡಿಗೆ ಬಂದರಲ್ಲವೇ? ಒಬ್ಬನೇ ಕಹಳೆಯವನನ್ನು ನಂಬಿದ ಜಾಲ ಅದು.

ಉತ್ತರ 2: ದೂರಸಂಪರ್ಕ ಎಂಜಿನಿಯರ್, ಮೂಲತಃ ಹಿರಿಯೂರು

ಉಪಗ್ರಹದ ಮಾತನ್ನು ನಾನು ಹೇಳುತ್ತೇನೆ. 2003ರ ಇರಾಕ್ ಯುದ್ಧದಲ್ಲಿ ತನ್ನ ತುಕಡಿಗಳ ನೆಲೆ ತೋರಿಸುವ ಅಮೆರಿಕದ ‘ಬ್ಲೂ ಫೋರ್ಸ್ ಟ್ರ್ಯಾಕರ್’ ವ್ಯವಸ್ಥೆ ಉಪಗ್ರಹದ ಮೂಲಕವೇ ಕೆಲಸ ಮಾಡಿತು, ಆದರೆ ಅದು ಕಳುಹಿಸುತ್ತಿದ್ದುದೂ ಮೇಲೆ ಹೇಳಿದಂತಹ ಚಿಕ್ಕ ಸಂದೇಶಗಳನ್ನೇ. ವಿಡಿಯೊ ಬೇಕೆಂದರೆ 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದತ್ತ, ಜೀಪು ಎಷ್ಟೇ ಕುಲುಕಿದರೂ, ಆಂಟೆನಾ ಮುಖ ಮಾಡಿಯೇ ಇರಬೇಕು. ‘ವಿನ್-ಟಿ’ ಎಂಬ ಅಮೆರಿಕದ ಜಾಲದ ಮೊದಲ ಹಂತ ವಾಹನ ನಿಂತಾಗ ಮಾತ್ರ ಕೆಲಸ ಮಾಡುತ್ತಿತ್ತು. ಓಡುವಾಗಲೂ ಕೆಲಸ ಮಾಡುವ ಎರಡನೇ ಹಂತದ ಖರೀದಿಯನ್ನು ನಿಲ್ಲಿಸಲು ಅವರ ಸೇನೆ 2017ರಲ್ಲಿ ತೀರ್ಮಾನಿಸಿತು. ಪ್ರಬಲ ಶತ್ರುವಿನ ಎಲೆಕ್ಟ್ರಾನಿಕ್ ದಾಳಿಯ ಎದುರು ಅದು ನಿಲ್ಲಲಾರದೆಂಬ ಆತಂಕ ಅದಕ್ಕಿದ್ದ ಕಾರಣಗಳಲ್ಲಿ ಒಂದು. 2022ರ ಫೆಬ್ರವರಿ 24ರಂದು, ಉಕ್ರೇನ್ ಮೇಲೆ ರಷ್ಯಾ ದಂಡೆತ್ತಿ ಬಂದ ದಿನವೇ, ಕೆಎ-ಸ್ಯಾಟ್ ಉಪಗ್ರಹ ಜಾಲದ ಸಾವಿರಾರು ಮೋಡೆಮ್‌ಗಳು ಸೈಬರ್ ದಾಳಿಯಿಂದ ಕೆಟ್ಟು ಕೂತವು, ಆಕಾಶದಲ್ಲಿದ್ದ ಉಪಗ್ರಹಕ್ಕೆ ಮಾತ್ರ ಏನೂ ಆಗಿರಲಿಲ್ಲ.

ನಮ್ಮಲ್ಲಿ ಸೇನೆ ಮತ್ತು ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಸೇರಿ ರೂಪಿಸಿದ ‘ಸಂಜಯ್’ ಎಂಬ ರಣರಂಗ ಕಣ್ಗಾವಲು ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ನೀಡಲಾಯಿತು. ನೆಲದ ಹಾಗೂ ಆಕಾಶದ ಸಂವೇದಕಗಳಿಂದ ಬಂದ ಮಾಹಿತಿಯನ್ನು ಅದು ಒಂದೇ ಚಿತ್ರವಾಗಿ ಕೂಡಿಸುತ್ತದೆ. ನಿಮ್ಮ ಸೆಮಿನಾರಿನಲ್ಲಿ ಅದಕ್ಕೊಂದು ಸ್ಲೈಡ್ ಇರಲಿ.

ಉತ್ತರ 3: ಓದುಗ, ಚಿತ್ರದುರ್ಗ

ಇಬ್ಬರೂ ಸಂಪರ್ಕ ಕಡಿದುಹೋಗುವುದನ್ನು ಹೇಳಿದಿರಿ. ಸಂಪರ್ಕ ಚೆನ್ನಾಗಿರುವುದೂ ಅಪಾಯವೇ, ಏಕೆಂದರೆ ಪ್ರಸಾರ ಮಾಡುವ ಆಂಟೆನಾ ಎಲ್ಲಿದೆಯೆಂದು ಶತ್ರುವಿನ ದಿಕ್ಕು ಪತ್ತೆ ಸಾಧನ ಕಂಡುಹಿಡಿಯುತ್ತದೆ, ಹತ್ತಾರು ಆಂಟೆನಾಗಳು ಒಂದೆಡೆ ಸೇರಿದ್ದರೆ ಅದು ಕಮಾಂಡರ್‌ನ ಠಾಣೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಆವರ್ತನವನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಬದಲಿಸುವ ಸೆಟ್‌ಗಳಿದ್ದರೂ ಗುಟ್ಟು ಪೂರ್ತಿ ಉಳಿಯುವುದಿಲ್ಲ. ಹೀಗಾಗಿ ಠಾಣೆಯನ್ನು ಚಿಕ್ಕದಾಗಿ ಒಡೆದು ಚದುರಿಸುವುದು, ಆಂಟೆನಾವನ್ನು ಕೇಬಲ್ ಎಳೆದು ದೂರದಲ್ಲಿ ನಿಲ್ಲಿಸುವುದು, ಆಗಾಗ ಜಾಗ ಬದಲಿಸುವುದು ಇವೆಲ್ಲ ತಂತ್ರಜ್ಞಾನದಷ್ಟೇ ಮುಖ್ಯ.

ಪ್ರಶ್ನಿಸಿದವರಿಂದ

ಮೂವರಿಗೂ ಧನ್ಯವಾದಗಳು, ಸರ್. ಹಾಗಾದರೆ ಇಂತಹ ಒಂದು ಸಾಧನ ಶತ್ರುವಿನ ಕೈಗೆ ಸಿಕ್ಕಿದರೆ ಇಡೀ ಸೇನೆಯ ನೆಲೆ ಅವನಿಗೆ ತಿಳಿದುಬಿಡುವುದಿಲ್ಲವೇ?

ಉತ್ತರ 1 ಬರೆದವರಿಂದ

ಸಂದೇಶಗಳು ಗೂಢಲಿಪಿಯಲ್ಲಿ ಇರುತ್ತವೆ, ಅದರ ಕೀಲಿಯನ್ನು ನಿಗದಿತ ಅವಧಿಗೊಮ್ಮೆ ಬದಲಿಸುತ್ತಾರೆ. ಅಪಾಯ ಕಂಡಾಗ ಕೀಲಿಯನ್ನು ತಕ್ಷಣ ಅಳಿಸುವ ವ್ಯವಸ್ಥೆಯೂ ಸೆಟ್‌ನಲ್ಲಿ ಇರುತ್ತದೆ. ಅಲ್ಲದೆ, ಪ್ರತಿಯೊಬ್ಬನಿಗೂ ಇಡೀ ಚಿತ್ರವನ್ನು ತೋರಿಸಬೇಕಾಗಿಲ್ಲ. ಸೆಕ್ಷನ್ ಎಂಬ ಚಿಕ್ಕ ತುಕಡಿಯ ಕಮಾಂಡರ್‌ಗೆ ತನ್ನ ಅಕ್ಕಪಕ್ಕದವರ ಚುಕ್ಕೆ ಕಂಡರೆ ಸಾಕು.