ಅಪ್‌ಡೇಟ್: ಕಲಬುರಗಿಯಲ್ಲಿ ಅರೆಸ್ಟ್ ಆದವರ ಮಾಹಿತಿ ಸಿಕ್ಕಿತು

ಅರೆಸ್ಟ್ ಆದವರನ್ನು ಪತ್ತೆ ಮಾಡೋದು ಹೇಗೆ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಕಾಕಾನ ಮಗನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ ಅಂತ ಗೊತ್ತಾಗಿತ್ತು. ಯಾವ ಠಾಣೆ, ಯಾವ ಕೇಸು, ಒಂದೂ ಗೊತ್ತಿರಲಿಲ್ಲ. ಈಗ ಪತ್ತೆಯಾಗಿದೆ.

ಮೊದಲು ಆಗದೇ ಹೋದದ್ದು. ಹೆಸರು ಹಾಕಿದರೆ ಜೈಲಿನ ದಾಖಲೆ ತೋರಿಸುತ್ತೇವೆ ಅನ್ನುವ ವೆಬ್‌ಸೈಟ್ ಸುಮ್ನೆ ದುಡ್ಡು ಕೇಳಿತು. ಅದರ ಹತ್ತಿರ ಹೋಗಬೇಡಿ. ರಾಜ್ಯ ಪೊಲೀಸರ ವೆಬ್‌ಸೈಟಿನಲ್ಲಿ ಎಫ್ಐಆರ್ ಹುಡುಕಿದೆ, ಠಾಣೆಯೇ ಗೊತ್ತಿಲ್ಲದೆ ಏನು ಸಿಗುತ್ತದೆ?

ಕೆಲಸ ಮಾಡಿದ್ದು "ಠಾಣೆಗೇ ಹೋಗಿ ಬೋರ್ಡ್ ನೋಡಿ" ಅಂದವರ ಸಲಹೆ. ಬಂಧಿತರ ಹೆಸರು, ವಿಳಾಸ, ಆರೋಪ ಏನು ಅನ್ನೋದನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಹಾಕಬೇಕು. ಬಿಎನ್ಎಸ್ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 37ನೇ ಕಲಂ ಹಾಗೆ ಹೇಳುತ್ತದೆ. ಎರಡನೇ ಠಾಣೆಯಲ್ಲಿ ಬಾಗಿಲ ಹಿಂದೆ ಬಿಳಿ ಹಲಗೆ ಇತ್ತು. ನೀಲಿ ಮಾರ್ಕರ್‌ನಲ್ಲಿ ಅರ್ಧ ಅಳಿಸಿದ ಸಾಲು, ನಮ್ಮ ಹುಡುಗನ ಹೆಸರು. ಕೈಕಾಲು ನಡುಗಿತು. ಪಕ್ಕದಲ್ಲೇ ಎಫ್ಐಆರ್ ನಂಬರ್ ಬರೆದಿತ್ತು. ಅದನ್ನು ಕೋರ್ಟ್ ಕೇಸುಗಳ ಸರ್ಕಾರಿ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಠಾಣೆ, ವರ್ಷದ ಜೊತೆ ಹಾಕಿದೆ. ಕೇಸಿನ ಮುಂದಿನ ತಾರೀಖು ಬಂತು.

ನನಗೆ ಗೊತ್ತೇ ಇರದ ಸಂಗತಿ ಅಂದ್ರೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ನಮಗೂ ಒಬ್ಬರು ಸಿಕ್ಕಿದ್ದಾರೆ. ಕಾಕು ನಿನ್ನೆ ರಾತ್ರಿ ಹೊಟ್ಟೆ ತುಂಬ ಊಟ ಮಾಡಿದರು. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ.